ಸೈಕಲ್ ಸೀಟಿನ ಎತ್ತರವನ್ನು ಪೆಡಲಿನಿಂದ ಅಳೆಯಿರಿ

ಬೆಳಗ್ಗೆ ಆಫೀಸಿನ ಹೊತ್ತಿಗೆ ಪುಣೆಯ ಕರ್ವೆ ರಸ್ತೆಯ ಯಾವುದಾದರೂ ಸಿಗ್ನಲ್‌ನಲ್ಲಿ ನಿಂತು ಸೈಕಲ್‌ನವರನ್ನು ಗಮನಿಸಿ. ಬಹಳ ಜನ ಸೀಟಿನ ಮೇಲೆ ಕೂತೇ ಎರಡೂ ಪಾದ ನೆಲಕ್ಕೆ ಊರಿರುತ್ತಾರೆ. ಸಿಗ್ನಲ್ ಬಿಟ್ಟ ಮೇಲೆ ಅವರ ಮಂಡಿ ನೋಡಿ. ಪೆಡಲ್ ಮೇಲೆ ಬಂದಾಗ ಮಂಡಿ ಹೊಟ್ಟೆಯ ಹತ್ತಿರ ಬರುತ್ತದೆ. ಪೆಡಲ್ ಕೆಳಗೆ ಹೋದಾಗಲೂ ಕಾಲು ಅರ್ಧ ಮಡಚಿಯೇ ಇರುತ್ತದೆ. ಹೀಗೆ ತುಳಿದರೆ ಸೈಕಲ್ ಭಾರ ಅನ್ನಿಸುತ್ತದೆ, ತೊಡೆ ಬೇಗ ಸೋಲುತ್ತದೆ, ಕೆಲವು ತಿಂಗಳಲ್ಲಿ ಮಂಡಿ ನೋವು ಶುರುವಾಗುತ್ತದೆ. ಆಮೇಲೆ "ಸೈಕಲ್ ನನಗೆ ಆಗಿಬರಲ್ಲ" ಎಂದು ಅದನ್ನು ಪಾರ್ಕಿಂಗ್‌ನ ಮೂಲೆಗೆ ಒರಗಿಸುತ್ತಾರೆ. ಬಹಳ ಸಲ ತಪ್ಪು ಸೈಕಲ್‌ನದೂ ಆಗಿರುವುದಿಲ್ಲ, ಮಂಡಿಯದೂ ಆಗಿರುವುದಿಲ್ಲ. ಸೀಟು ಮೂರು ನಾಲ್ಕು ಸೆಂಟಿಮೀಟರ್ ಕೆಳಗಿರುತ್ತದೆ, ಅಷ್ಟೇ.

ಈ ಅಭ್ಯಾಸ ಎಲ್ಲಿಂದ ಬಂತು ಅನ್ನುವುದು ನಮಗೆಲ್ಲ ಗೊತ್ತಿರುವುದೇ. ನಮ್ಮಲ್ಲಿ ಹೆಚ್ಚಿನವರು ಸೈಕಲ್ ಕಲಿತದ್ದು ಅಪ್ಪನದೋ ಕಾಕಾನದೋ ಕಪ್ಪು ಸೈಕಲ್‌ನಲ್ಲಿ, ಒಳಪೆಡಲ್ ಹೊಡೆದು. ಮುಂದೆ ಸೀಟಿನ ಮೇಲೆ ಕೂರುವಷ್ಟು ಬೆಳೆದಾಗ ತಲೆಯಲ್ಲಿ ಬೀಳುವ ಭಯ ಒಂದೇ. ಸೀಟನ್ನು ಪೂರ್ತಿ ಇಳಿಸಿಕೊಟ್ಟರು, ಕಾಲು ನೆಲಕ್ಕೆ ಎಟುಕಿತು, ಅದೇ ಸರಿ ಅಂತ ಉಳಿದುಬಿಟ್ಟಿತು. ಪುಣೆಯ ಅಂಗಡಿಯಲ್ಲೂ ಹೊಸ ಸೈಕಲ್ ಕೊಡುವಾಗ ಮೊದಲು ಕೇಳುವುದು "ಪಾಯ್ ಟೇಕತಾತ್ ಕಾ?" ಅಂತಲೇ. ಕಾಲು ನೆಲಕ್ಕೆ ತಾಗುತ್ತಾ ಅನ್ನುವ ಈ ಪ್ರಶ್ನೆ ಸೈಕಲ್ ನಿಲ್ಲಿಸುವುದಕ್ಕೆ ಸಂಬಂಧಿಸಿದ್ದು. ತುಳಿಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಯಾಕೆ ಅಂದರೆ ನೆಲದಿಂದ ಪೆಡಲಿನ ನಡು ಆಕ್ಸಲ್‌ಗೆ (ಎರಡೂ ಪೆಡಲಿನ ತೋಳುಗಳು ಸೇರಿ ತಿರುಗುವ, ಫ್ರೇಮಿನ ಕೆಳಭಾಗದ ಅಚ್ಚು) ಇರುವ ಎತ್ತರ ಸೈಕಲ್‌ನಿಂದ ಸೈಕಲ್‌ಗೆ ಬೇರೆ. ರೋಡ್ ಬೈಕ್‌ನಲ್ಲಿ ಅದು ಸುಮಾರು 27 ಸೆಂ.ಮೀ. ಇದ್ದರೆ, ಬೆಟ್ಟಗುಡ್ಡದ ದಾರಿಗೆ ಮಾಡಿದ ದಪ್ಪ ಟೈರಿನ ಎಂಟಿಬಿ ಸೈಕಲ್‌ನಲ್ಲಿ 30 ಸೆಂ.ಮೀ. ದಾಟುತ್ತದೆ. ನಿಮ್ಮ ಕಾಲಿನ ಉದ್ದ ಮಾತ್ರ ಬದಲಾಗುವುದಿಲ್ಲ, ಅಲ್ವಾ? ಹಾಗಾಗಿ ಸೀಟಿನ ಎತ್ತರವನ್ನು ಪೆಡಲಿನಿಂದ ಅಳೆಯಬೇಕು. ಒಮ್ಮೆ ಹಾಗೆ ಅಳೆದು ಇಟ್ಟುಕೊಂಡರೆ ಯಾವ ಸೈಕಲ್ ಹತ್ತಿದರೂ ಹೆಚ್ಚು ಕಡಿಮೆ ಅದೇ ಲೆಕ್ಕ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಹತ್ವ ಯಾಕೆ ಅಂತ ಅನ್ನಿಸಬಹುದು. ನಿಮಿಷಕ್ಕೆ 80 ಸುತ್ತು ತುಳಿದರೆ ಒಂದು ಗಂಟೆಯಲ್ಲಿ ಒಂದೊಂದು ಮಂಡಿಯೂ 4,800 ಸಲ ಮಡಚಿ ಬಿಚ್ಚುತ್ತದೆ. ಮಂಡಿ ಜಾಸ್ತಿ ಮಡಚಿದ್ದಾಗ ಬಲ ಹಾಕಿದರೆ ಮಂಡಿಚಿಪ್ಪು ತೊಡೆಯ ಮೂಳೆಗೆ ಜೋರಾಗಿ ಒತ್ತುತ್ತದೆ. ಒಂದು ಸಲಕ್ಕೆ ಅದು ಏನೂ ಅಲ್ಲ. ಸಾವಿರಗಟ್ಟಲೆ ಸಲಕ್ಕೆ ಅದು ನೋವಾಗುತ್ತದೆ.

ಮೊದಲು ಕಾಲು ಅಳೆಯಿರಿ

ಬೇಕಾಗುವುದು ಅಳತೆ ಟೇಪು, ಪೆನ್ಸಿಲ್, ಗಟ್ಟಿ ರಟ್ಟಿನ ಪುಸ್ತಕ, ಬಣ್ಣದ ಇನ್ಸುಲೇಷನ್ ಟೇಪು ಮತ್ತು ಅಲೆನ್ ಕೀ. ಈಗಿನ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ 4, 5, 6 ಮಿ.ಮೀ. ಕೀ ಸಾಕು. ಹಳೆಯ ಕಪ್ಪು ಸೈಕಲ್ ಆದರೆ ಸ್ಪ್ಯಾನರ್ ಬೇಕು. ಮನೆಯಲ್ಲಿಲ್ಲದಿದ್ದರೆ ಪಂಕ್ಚರ್ ಅಂಗಡಿಯಲ್ಲಿ "ಸೀಟ್ ಥೋಡೀ ವರ್ ಕರಾ" ಅಂದರೆ ಎರಡು ನಿಮಿಷದಲ್ಲಿ ಏರಿಸಿಕೊಡುತ್ತಾರೆ. ಆದರೆ ಎಷ್ಟು ಏರಿಸಬೇಕು ಅನ್ನುವುದನ್ನು ನೀವೇ ಹೇಳಬೇಕು. ಅದಕ್ಕೇ ಈ ಅಳತೆ.

ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಎರಡೂ ಪಾದದ ನಡುವೆ ಒಂದು ಗೇಣು ಅಂತರ ಇರಲಿ. ಪುಸ್ತಕದ ಬೆನ್ನು ಮೇಲೆ ಬರುವಂತೆ ಎರಡೂ ತೊಡೆಗಳ ನಡುವೆ ಹಿಡಿದು, ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತದೋ ಅಷ್ಟು ಗಟ್ಟಿಯಾಗಿ ಮೇಲಕ್ಕೆ ಒತ್ತಿ. ಪುಸ್ತಕದ ಒಂದು ಅಂಚು ಗೋಡೆಗೆ ಪೂರ್ತಿ ತಾಗಿರಬೇಕು, ಇಲ್ಲದಿದ್ದರೆ ಪುಸ್ತಕ ಓರೆಯಾಗಿ ಅಳತೆ ಕೆಡುತ್ತದೆ. ಪುಸ್ತಕದ ಬೆನ್ನು ಇರುವಲ್ಲಿ ಗೋಡೆಗೆ ಪೆನ್ಸಿಲ್ ಗುರುತು ಹಾಕಿ. ಮನೆಯವರು ಯಾರಾದರೂ ಗುರುತು ಹಾಕಿಕೊಟ್ಟರೆ ಒಳ್ಳೆಯದು, ಒಬ್ಬರೇ ಬಗ್ಗಿದರೆ ಪುಸ್ತಕ ಜಾರುತ್ತದೆ. ನೆಲದಿಂದ ಆ ಗುರುತಿನವರೆಗಿನ ಎತ್ತರವೇ ನಿಮ್ಮ ಒಳಗಾಲಿನ ಅಳತೆ. ಎರಡು ಮೂರು ಸಲ ಅಳೆಯಿರಿ. ದರ್ಜಿ ತೆಗೆದುಕೊಂಡ ಪ್ಯಾಂಟಿನ ಒಳಗಾಲಿನ ಅಳತೆಯನ್ನು ಇಲ್ಲಿ ಬಳಸಬೇಡಿ, ಅದು ಚಿಕ್ಕದು ಬರುತ್ತದೆ.

ಈಗ ಲೆಕ್ಕ. 1986, 1989 ಮತ್ತು 1990ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಂಡ್ ಅವರ ಹೆಸರಿನಲ್ಲಿ ಒಂದು ಸೂತ್ರ ಪ್ರಸಿದ್ಧವಾಗಿದೆ. ಒಳಗಾಲಿನ ಅಳತೆಯನ್ನು 0.883ರಿಂದ ಗುಣಿಸಿ. ಬರುವ ಅಂಕಿ ಪೆಡಲಿನ ನಡು ಆಕ್ಸಲ್‌ನ ಮಧ್ಯದಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರ. ಟೇಪನ್ನು ಸೀಟಿನ ಕೊಳವೆಯ ಗುಂಟ ಹಿಡಿದು ಅಳೆಯಬೇಕು. ಒಳಗಾಲು 70 ಸೆಂ.ಮೀ. ಇದ್ದರೆ 61.8, 74 ಇದ್ದರೆ 65.3, 78 ಇದ್ದರೆ 68.9, 82 ಇದ್ದರೆ 72.4 ಸೆಂ.ಮೀ. ಬರುತ್ತದೆ.

ಇದಕ್ಕಿಂತ ಹಳೆಯ ಇನ್ನೊಂದು ಲೆಕ್ಕವೂ ಇದೆ. 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು ನಿಂತಲ್ಲೇ ತುಳಿಯುವ ಪ್ರಯೋಗಾಲಯದ ಸೈಕಲ್‌ನಲ್ಲಿ ಪರೀಕ್ಷೆ ಮಾಡಿ, ಒಳಗಾಲಿನ ಅಳತೆಯ 109 ಶೇಕಡಾ ಎತ್ತರ ಸರಿ ಎಂದರು. ಇದನ್ನು ಅಳೆಯುವುದು ಕೆಳಗೆ ಬಂದ ಪೆಡಲಿನ ಆಕ್ಸಲ್‌ನಿಂದ. ಒಳಗಾಲು 78 ಸೆಂ.ಮೀ. ಇದ್ದವರಿಗೆ 85 ಸೆಂ.ಮೀ. ಬರುತ್ತದೆ. ಅದರಿಂದ ಕ್ರ್ಯಾಂಕ್‌ನ, ಅಂದರೆ ಪೆಡಲನ್ನು ನಡು ಆಕ್ಸಲ್‌ಗೆ ಸೇರಿಸುವ ತೋಳಿನ ಉದ್ದ 170 ಮಿ.ಮೀ. (17 ಸೆಂ.ಮೀ.) ಕಳೆದರೆ 68. ಮೊದಲಿನ ಸೂತ್ರದಲ್ಲಿ 68.9 ಬಂದಿತ್ತು. ಎರಡು ಒಳ್ಳೆಯ ಸೂತ್ರಗಳ ನಡುವೆಯೇ ಹೆಚ್ಚು ಕಡಿಮೆ 1 ಸೆಂ.ಮೀ. ವ್ಯತ್ಯಾಸ! ಹಾಗಾಗಿ ಅಂಕಿಯನ್ನು ಶಾಸನ ಅಂದುಕೊಳ್ಳಬೇಡಿ. ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಅದು ಹೇಳುತ್ತದೆ. ಎಲ್ಲಿ ನಿಲ್ಲಬೇಕು ಅನ್ನುವುದನ್ನು ನಿಮ್ಮ ಕಾಲು ಹೇಳಬೇಕು.

ಹಿಮ್ಮಡಿಯ ಪರೀಕ್ಷೆ

ಲೆಕ್ಕ ಬೇಡ ಅನ್ನುವವರಿಗೂ, ಲೆಕ್ಕ ಮಾಡಿ ಮುಗಿಸಿದವರಿಗೂ ಈ ಪರೀಕ್ಷೆ ಬೇಕು. ನನ್ನ ಕೇಳಿದರೆ, ದಿನಬಳಕೆಯ ಸೈಕಲ್‌ಗೆ ಇದೊಂದೇ ಸಾಕು.

ಸೈಕಲ್ಲನ್ನು ಗೋಡೆಯ ಪಕ್ಕ ಅಥವಾ ಬಾಗಿಲ ಚೌಕಟ್ಟಿನ ನಡುವೆ ನಿಲ್ಲಿಸಿ. ದಿನವೂ ಹಾಕುವ ಚಪ್ಪಲಿಯನ್ನೋ ಶೂವನ್ನೋ ಹಾಕಿಕೊಳ್ಳಿ. ಇದು ಮುಖ್ಯ. ತೆಳು ಅಡಿಯ ಕೊಲ್ಹಾಪುರಿ ಚಪ್ಪಲಿಯಲ್ಲಿ ಅಳೆದು, ದಪ್ಪ ಅಡಿಯ ರನ್ನಿಂಗ್ ಶೂ ಹಾಕಿ ಓಡಿಸಿದರೆ ಅಷ್ಟೂ ದಪ್ಪದ ವ್ಯತ್ಯಾಸ ಮಂಡಿಗೆ ಹೋಗುತ್ತದೆ. ಒಂದು ಕೈಯಲ್ಲಿ ಗೋಡೆ ಹಿಡಿದು ಸೀಟಿನ ಮೇಲೆ ಯಾವಾಗಲೂ ಕೂರುವ ಹಾಗೆಯೇ ಪೂರ್ತಿ ಭಾರ ಬಿಟ್ಟು ಕೂರಿ. ಸ್ಪ್ರಿಂಗ್ ಇರುವ ಅಗಲ ಸೀಟು ಆದರೆ ಭಾರಕ್ಕೆ ಕೆಳಗೆ ಕುಸಿಯುತ್ತದೆ, ಆದ್ದರಿಂದ ಕೂತೇ ನೋಡಬೇಕು. ಈಗ ಒಂದು ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ.

ಹಿಮ್ಮಡಿ ಪೆಡಲಿಗೆ ಹಗುರವಾಗಿ ತಾಗಿ, ಮಂಡಿ ನೇರವಾಗಿ ನಿಂತರೆ ಎತ್ತರ ಸರಿ. ಮಂಡಿ ಮಡಚಿದ್ದರೆ ಸೀಟು ಕೆಳಗಿದೆ. ಹಿಮ್ಮಡಿ ತಾಗಿಸಲು ಸೊಂಟವನ್ನು ಆ ಬದಿಗೆ ಓರೆ ಮಾಡಬೇಕಾದರೆ ಸೀಟು ಮೇಲಿದೆ. ಎರಡೂ ಕಾಲಿನಲ್ಲಿ ನೋಡಿ. ಆಮೇಲೆ ಹಿಮ್ಮಡಿಯಿಂದಲೇ ಹಿಮ್ಮುಖವಾಗಿ ಕೆಲವು ಸುತ್ತು ತುಳಿಯಿರಿ. ಸೊಂಟ ಆಚೀಚೆ ವಾಲದೆ, ಹಿಮ್ಮಡಿ ಪೆಡಲ್ ಬಿಡದೆ ಸುತ್ತು ಮುಗಿಯಬೇಕು.

ನಿಜವಾಗಿ ಓಡಿಸುವಾಗ ಹಿಮ್ಮಡಿಯಿಂದ ತುಳಿಯುವುದಿಲ್ಲ. ಹೆಬ್ಬೆರಳಿನ ಬುಡದಲ್ಲಿರುವ ಪಾದದ ದಪ್ಪ ಭಾಗ ಪೆಡಲಿನ ಆಕ್ಸಲ್ ಮೇಲೆ ಬರಬೇಕು. ಪಾದವನ್ನು ಹಾಗೆ ಹಿಂದಕ್ಕೆ ಸರಿಸಿದ ಕೂಡಲೇ ಮಂಡಿ ತಾನಾಗಿ ಸ್ವಲ್ಪ ಮಡಚುತ್ತದೆ. ಆ ಸ್ವಲ್ಪ ಮಡಿಕೆಯೇ ನಮಗೆ ಬೇಕಾದದ್ದು.

ಕೋಥ್ರೂಡ್‌ನ ನಮ್ಮ ಸೊಸೈಟಿಯಲ್ಲಿ ಧಾರವಾಡದ ಕಡೆಯ ಕಾಕಾ ಒಬ್ಬರಿದ್ದಾರೆ. ಮಂಡಿಯ ಮುಂಭಾಗ ನೋಯುತ್ತದೆ ಎಂದು ಬೆಳಗಿನ ಸೈಕಲ್ ಬಿಡುವವರಿದ್ದರು. ಸೀಟು ಏರಿಸೋಣ ಅಂದರೆ "ತಮ್ಮಾ, ಇಷ್ಟು ಎತ್ತರ ಮಾಡಿದ್ರ ನಾ ಬೀಳ್ತೀನಿ" ಅಂದರು. "ಏರ್ಸೂದು ಆಮ್ಯಾಲೆ ಕಾಕಾ, ಮೊದಲು ಗ್ವಾಡಿ ಹಿಡ್ಕೊಂಡು ಹಿಮ್ಮಡಿ ಪೆಡಲ್ ಮ್ಯಾಲೆ ಇಟ್ಟು ನೋಡ್ರಿ" ಅಂದೆ. ಹಿಮ್ಮಡಿ ಇಟ್ಟಾಗಲೂ ಮಂಡಿ ಬಹಳ ಮಡಚಿಯೇ ಇತ್ತು. ಅದನ್ನು ಕಣ್ಣಾರೆ ನೋಡಿದ ಮೇಲೆ ಒಪ್ಪಿದರು. ಒಂದೇ ಸಲ ಏರಿಸಲಿಲ್ಲ. ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋದೆವು. ಅವರು ಈಗಲೂ ಸೈಕಲ್ ತುಳಿಯುತ್ತಾರೆ.

ಹೀಗೆ ನಿಧಾನವಾಗಿ ಏರಿಸುವುದನ್ನು ಎಲ್ಲರಿಗೂ ಹೇಳುತ್ತೇನೆ. ವರ್ಷಗಟ್ಟಲೆ ಕೆಳಗಿನ ಸೀಟಿಗೆ ಹೊಂದಿಕೊಂಡ ತೊಡೆಯ ಹಿಂಭಾಗದ ಸ್ನಾಯುಗಳು ಒಮ್ಮೆಲೇ ಎಳೆತ ತಡೆಯುವುದಿಲ್ಲ. ಒಂದು ಸಲಕ್ಕೆ 5 ಮಿ.ಮೀ. ಸಾಕು, ಜಾಸ್ತಿ ಅಂದರೆ 1 ಸೆಂ.ಮೀ. ಎರಡು ಮೂರು ಸಲ ಓಡಿಸಿ, ಆಮೇಲೆ ಮುಂದಿನ ಹೆಜ್ಜೆ.

ಸೀಟು ಏರಿಸುವ ಕೆಲಸ

ಮುಟ್ಟುವ ಮೊದಲು ಈಗಿರುವ ಎತ್ತರಕ್ಕೆ ಗುರುತು ಮಾಡಿ. ಸೀಟ್ ಪೋಸ್ಟ್ ಫ್ರೇಮಿನೊಳಗೆ ಹೋಗುವ ಜಾಗದಲ್ಲಿ, ಫ್ರೇಮಿನ ಅಂಚಿಗೆ ಸರಿಯಾಗಿ ಟೇಪು ಸುತ್ತಿ. ಕೆಲಸ ಕೆಟ್ಟರೆ ಮೊದಲಿನ ಜಾಗಕ್ಕೆ ಬರಲು ಇದೊಂದೇ ದಾರಿ.

ಪೋಸ್ಟನ್ನು ಫ್ರೇಮಿಗೆ ಬಿಗಿಹಿಡಿಯುವ ಕ್ಲ್ಯಾಂಪಿನ ಬೋಲ್ಟನ್ನು ಸಡಿಲ ಮಾಡಿ, ಪೂರ್ತಿ ಬಿಚ್ಚಬೇಡಿ. ಸೀಟಿನ ಮೂತಿ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಮೇಲಕ್ಕೆ ಎಳೆಯಿರಿ. ಬೇಕಾದಷ್ಟು ಬಂದ ಮೇಲೆ ಸೀಟಿನ ಮೂತಿ ಫ್ರೇಮಿನ ಮೇಲಿನ ಕೊಳವೆಯ ನೇರಕ್ಕೆ ಇದೆಯಾ ಎಂದು ಹಿಂದಿನಿಂದ ನಿಂತು ನೋಡಿ ಬಿಗಿ ಮಾಡಿ.

ಇಲ್ಲೊಂದು ಮಾತು ದಯವಿಟ್ಟು ಮರೆಯಬೇಡಿ. ಸೀಟ್ ಪೋಸ್ಟ್ ಮೇಲೆ ಕನಿಷ್ಠ ಇಷ್ಟು ಒಳಗಿರಬೇಕು ಎಂದು ಸಣ್ಣ ಗೆರೆಗಳ ಗುರುತು ಇರುತ್ತದೆ. ಆ ಗುರುತು ಫ್ರೇಮಿನ ಹೊರಗೆ ಕಾಣಬಾರದು. ಕಂಡರೆ ಪೋಸ್ಟ್ ಬಾಗಬಹುದು, ಫ್ರೇಮ್ ಸೀಳಬಹುದು, ಓಡುವಾಗ ಮುರಿದರೆ ದೊಡ್ಡ ಅಪಾಯ. ಹಳೆಯ ಕಪ್ಪು ಸೈಕಲ್‌ಗಳ ಪೋಸ್ಟಿನಲ್ಲಿ ಈ ಗುರುತು ಇಲ್ಲದಿದ್ದರೆ ಕನಿಷ್ಠ ಎರಡೂವರೆ ಇಂಚು ಒಳಗೆ ಉಳಿಯಲಿ. ಅಷ್ಟು ಏರಿಸಿಯೂ ಎತ್ತರ ಸಾಲದಿದ್ದರೆ ಉದ್ದದ ಪೋಸ್ಟ್ ಹಾಕಿಸಿ. ಅಂಗಡಿಗೆ ಹೋಗುವಾಗ ಹಳೆಯ ಪೋಸ್ಟನ್ನು ಕೈಯಲ್ಲೇ ಹಿಡಿದು ಹೋಗಿ. 27.2, 30.9, 31.6 ಮಿ.ಮೀ. ಹೀಗೆ ಬೇರೆ ಬೇರೆ ದಪ್ಪದ ಪೋಸ್ಟ್‌ಗಳಿವೆ, ಒಂದರ ಬದಲು ಇನ್ನೊಂದು ಕೂರುವುದಿಲ್ಲ.

ಎಷ್ಟು ಬಿಗಿ ಮಾಡಬೇಕು? ಅಲ್ಯೂಮಿನಿಯಂ ಕ್ಲ್ಯಾಂಪುಗಳ ಮೇಲೆ ಸಾಮಾನ್ಯವಾಗಿ 5 ಅಥವಾ 6 ನ್ಯೂಟನ್ ಮೀಟರ್ ಎಂದು ಬರೆದಿರುತ್ತದೆ. ಎಷ್ಟು ಬಿಗಿಯಾಯಿತು ಎಂದು ತೋರಿಸುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಅಲೆನ್ ಕೀಯನ್ನು ತುದಿಯಲ್ಲಿ ಹಿಡಿಯದೆ ನಡುವೆ ಹಿಡಿದು ಬಿಗಿ ಮಾಡಿ. ಆಮೇಲೆ ಎರಡೂ ಕೈಯಲ್ಲಿ ಸೀಟು ಹಿಡಿದು ತಿರುಗಿಸಿ ನೋಡಿ. ತಿರುಗಬಾರದು. ಬೋಲ್ಟಿನ ಬದಲು ಕೈಯಿಂದ ಮಡಚುವ ಲಿವರ್ ಇದ್ದರೆ, ಮುಚ್ಚುವಾಗ ಅಂಗೈಯಲ್ಲಿ ಅಚ್ಚು ಮೂಡುವಷ್ಟು ಬಿಗಿ ಬೇಕು. ಕಾರ್ಬನ್ ಪೋಸ್ಟ್ ಇರುವವರು ಅಂದಾಜಿನ ಮೇಲೆ ಬಿಗಿ ಮಾಡಲೇಬಾರದು, ಟಾರ್ಕ್ ರೆಂಚ್ ಇರುವ ಅಂಗಡಿಗೆ ಹೋಗಿ.

ಓಡಿಸುತ್ತಾ ಹೋದಂತೆ ಸೀಟು ಕೆಳಗೆ ಜಾರುತ್ತಿದೆಯಾ? ಟೇಪಿನ ಗುರುತು ನೋಡಿದರೆ ಗೊತ್ತಾಗುತ್ತದೆ. ನಮ್ಮ ಗುಂಡಿ ಬಿದ್ದ ರಸ್ತೆಗಳಲ್ಲಿ ಇದು ಸಾಮಾನ್ಯ. ಪೋಸ್ಟ್ ಮತ್ತು ಕ್ಲ್ಯಾಂಪಿನ ಒಳಭಾಗ ಒರೆಸಿ ಮತ್ತೆ ಹಾಕಿ ನೋಡಿ. ಆಗಲೂ ಜಾರಿದರೆ ಪೋಸ್ಟಿನ ದಪ್ಪ ತಪ್ಪಾಗಿದೆ ಅಥವಾ ಕ್ಲ್ಯಾಂಪ್ ಸವೆದಿದೆ.

ಫೋನ್‌ನಲ್ಲಿ ಒಂದು ವಿಡಿಯೋ

ವಾರಕ್ಕೆ ಬಹಳ ದೂರ ಓಡಿಸುವವರು, ಕಾತ್ರಜ್ ಘಾಟ್ ಅಥವಾ ಸಿಂಹಗಡ ಹತ್ತುವವರು ಇದನ್ನೂ ಮಾಡಿ. ಪೃಷ್ಠದ ಪಕ್ಕದಲ್ಲಿ ಕೈಗೆ ಸಿಗುವ ತೊಡೆಮೂಳೆಯ ಉಬ್ಬು, ಮಂಡಿಯ ಹೊರಬದಿ, ಪಾದದ ಮೇಲಿನ ಹೊರಗಂಟು, ಈ ಮೂರು ಕಡೆ ಬಣ್ಣದ ಟೇಪಿನ ಚೂರು ಅಂಟಿಸಿ. ಫೋನನ್ನು ಮಂಡಿಯ ಎತ್ತರದಲ್ಲಿ, ಸೈಕಲ್‌ಗೆ ನೇರ ಅಡ್ಡಲಾಗಿ, ಎರಡು ಮೂರು ಮೀಟರ್ ದೂರ ಇಡಿ. ಸೈಕಲ್ಲನ್ನು ನಿಂತಲ್ಲೇ ತುಳಿಯಲು ಸಿಕ್ಕಿಸುವ ಟ್ರೇನರ್ ಸ್ಟ್ಯಾಂಡ್ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಗೋಡೆ ಹಿಡಿದು ಹಿಂದಕ್ಕೆ ತುಳಿಯುತ್ತಾ ವಿಡಿಯೋ ತೆಗೆಯಿರಿ. ಪೆಡಲ್ ಪೂರ್ತಿ ಕೆಳಗೆ ಬಂದ ಕ್ಷಣಕ್ಕೆ ನಿಲ್ಲಿಸಿ, ಮೂರೂ ಗುರುತು ಸೇರಿಸಿ ಕೋನ ಅಳೆಯಿರಿ. ಮಂಡಿ ನೇರ ಗೆರೆಯಿಂದ 25ರಿಂದ 35 ಡಿಗ್ರಿಯಷ್ಟು ಮಡಚಿರಬೇಕು. ಅಂದರೆ ಒಳಗಿನ ಕೋನ 145ರಿಂದ 155. ಮಂಡಿ ನೋವು ಇದ್ದವರಿಗೆ 25ರ ಹತ್ತಿರ ಇದ್ದರೆ ಮಂಡಿಚಿಪ್ಪಿನ ಮೇಲೆ ಒತ್ತಡ ಕಡಿಮೆ. ನಗರದಲ್ಲಿ ನಿಂತು ನಿಂತು ಓಡಿಸುವವರಿಗೆ 35ರ ಹತ್ತಿರ ಇದ್ದರೆ ಆರಾಮ.

ಸೀಟಿನ ಓರೆ, ಹಿಂದೆ ಮುಂದೆ

ಮೊದಲು ಸೀಟು ಸಮತಟ್ಟಾಗಿರಲಿ. ಸೀಟಿನ ಮೇಲೆ ಪುಸ್ತಕ ಇಟ್ಟು, ಅದರ ಮೇಲೆ ಫೋನಿನ ಲೆವೆಲ್ ಆ್ಯಪ್ ಇಟ್ಟು ನೋಡಿ. ನೆಲವೂ ಸಮ ಇದೆಯಾ ಎಂದು ಅದೇ ಫೋನಿನಿಂದ ಖಾತ್ರಿ ಮಾಡಿಕೊಳ್ಳಿ. ಮೂತಿ ಮೇಲಿದ್ದರೆ ತೊಡೆಸಂದು ಮರಗಟ್ಟುತ್ತದೆ. ಮೂತಿ ತುಂಬಾ ಕೆಳಗಿದ್ದರೆ ದೇಹ ಮುಂದಕ್ಕೆ ಜಾರಿ ಅಂಗೈಗೆ ಭಾರ ಬೀಳುತ್ತದೆ. ಒಂದೆರಡು ಡಿಗ್ರಿ ಕೆಳಗೆ ಇದ್ದರೆ ತೊಂದರೆ ಇಲ್ಲ.

ಹಿಂದೆ ಮುಂದೆ ಸರಿಸುವುದಕ್ಕೆ ದಾರಕ್ಕೆ ಒಂದು ನಟ್ಟು ಕಟ್ಟಿ ತೂಗುದಾರ ಮಾಡಿ. ಎರಡೂ ಪೆಡಲ್ ನೆಲಕ್ಕೆ ಸಮನಾಗಿರುವಾಗ ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನಿಂದ ದಾರ ಬಿಡಿ. ದಾರ ಪೆಡಲಿನ ಆಕ್ಸಲ್ ಮೇಲೆ ಹಾದರೆ ಒಳ್ಳೆಯ ಆರಂಭ. ಇದಕ್ಕಿಂತ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಒಂದು ವಿಷಯ ಮಾತ್ರ ನೆನಪಿರಲಿ. ಸೀಟನ್ನು 1 ಸೆಂ.ಮೀ. ಹಿಂದಕ್ಕೆ ತಳ್ಳಿದರೆ ಪೆಡಲಿನಿಂದ ದೂರ ಸುಮಾರು 3 ಮಿ.ಮೀ. ಹೆಚ್ಚುತ್ತದೆ, ಅಂದರೆ ಸೀಟು ಅಷ್ಟು ಏರಿದ ಹಾಗೆ. ಹಾಗಾಗಿ ಸರಿಸಿದ ಮೇಲೆ ಹಿಮ್ಮಡಿಯ ಪರೀಕ್ಷೆ ಇನ್ನೊಮ್ಮೆ ಮಾಡಿ.

ನೋವು ಎಲ್ಲಿದೆ ನೋಡಿ

ಮಂಡಿಯ ಮುಂಭಾಗದಲ್ಲಿ, ಮಂಡಿಚಿಪ್ಪಿನ ಸುತ್ತ ನೋವು ಬಂದರೆ ಮೊದಲ ಅನುಮಾನ ಸೀಟು ಕೆಳಗಿದೆ ಅನ್ನುವುದರ ಮೇಲೆ. ಸೀಟು ತುಂಬಾ ಮುಂದಿದ್ದರೂ ಹೀಗಾಗುತ್ತದೆ. ಮಂಡಿಯ ಹಿಂಭಾಗದಲ್ಲಿ ಎಳೆತ ಇದ್ದರೆ ಸೀಟು ಮೇಲಿದೆ. ಕಾಲ್ಬೆರಳು ಕೆಳಗೆ ಚಾಚಿ ಪೆಡಲನ್ನು ಹುಡುಕುವ ಹಾಗೆ ತುಳಿಯುತ್ತಿದ್ದರೂ ಅದೇ ಕಾರಣ. ಹಿಂದೆ ಬರುತ್ತಿರುವ ಗೆಳೆಯರು "ನಿನ್ನ ಸೊಂಟ ಆಚೀಚೆ ಕುಣೀತಿದೆ" ಅಂದರೆ 5 ಮಿ.ಮೀ. ಇಳಿಸಿ. ಇದನ್ನು ನಾವೇ ಕಂಡುಕೊಳ್ಳುವುದು ಕಷ್ಟ, ಹಿಂದಿನವರಿಗೆ ಒಂದೇ ನೋಟಕ್ಕೆ ಕಾಣುತ್ತದೆ. ಭಾನುವಾರ ಖಡಕ್‌ವಾಸ್ಲಾ ಕಡೆ ಜೊತೆಯಾಗಿ ಹೋಗುವಾಗ ಒಬ್ಬರನ್ನೊಬ್ಬರು ನೋಡಿ ಹೇಳಿ.

ಸೀಟು ಕೆಳಗಿರುವುದು ಸಮತಟ್ಟು ರಸ್ತೆಯಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಸಿಂಹಗಡದ ಏರಿನಲ್ಲಿ ಗೊತ್ತಾಗುತ್ತದೆ. ಅಲ್ಲಿ ಕೂತು ಬಹಳ ಹೊತ್ತು ಬಲ ಹಾಕಿ ತುಳಿಯಬೇಕು. ಉಸಿರು ಇನ್ನೂ ಇರುವಾಗಲೇ ತೊಡೆಯ ಮುಂಭಾಗ ಉರಿದು ನಿಂತುಬಿಡುತ್ತದೆ. ಅದನ್ನು ಶಕ್ತಿ ಸಾಲದು ಅಂದುಕೊಂಡು ಬೇಜಾರು ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಸೀಟು ಸರಿಮಾಡಿಕೊಂಡು ಇನ್ನೊಂದು ಸಲ ಹತ್ತಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ಎತ್ತರ ಸರಿ ಇದ್ದೂ ವಾರಗಟ್ಟಲೆ ನೋವು ಹೋಗದಿದ್ದರೆ, ಮಂಡಿ ಊದಿಕೊಂಡಿದ್ದರೆ, ಮೊದಲೇ ಆಪರೇಷನ್ ಆಗಿದ್ದರೆ ಸೀಟಿನ ಜೊತೆ ಆಟ ಆಡುತ್ತಾ ಕೂರಬೇಡಿ. ವೈದ್ಯರಿಗೆ ಅಥವಾ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಹಾಗಾದರೆ ಸಿಗ್ನಲ್‌ನಲ್ಲಿ ನಿಲ್ಲುವುದು ಹೇಗೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೂ ಹೌದು. ಸರಿಯಾದ ಎತ್ತರದಲ್ಲಿ ಕೂತರೆ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುವುದಿಲ್ಲ. ಬೆರಳ ತುದಿ ತಾಗಬಹುದು, ತಾಗದೆಯೂ ಇರಬಹುದು. ಪುಣೆಯ ಟ್ರಾಫಿಕ್‌ನಲ್ಲಿ ಪಕ್ಕದಲ್ಲಿ ಪಿಎಂಪಿಎಂಎಲ್ ಬಸ್ಸು ಬಂದು ನಿಂತಾಗ ಭಯ ಆಗುವುದು ಸಹಜ. ಈ ಭಯಕ್ಕೆ ಸೀಟು ಇಳಿಸುವುದು ಪರಿಹಾರವಲ್ಲ. ನಿಲ್ಲುವುದನ್ನು ಕಲಿಯಬೇಕು, ಮತ್ತು ಅದು ಒಂದೆರಡು ಬೆಳಗಿನ ಅಭ್ಯಾಸದ ಕೆಲಸ.

ಸಿಗ್ನಲ್ ಹತ್ತಿರ ಬರುವಾಗ ಹಗುರ ಗೇರಿಗೆ ಬನ್ನಿ. ಎರಡೂ ಬ್ರೇಕು ಹದವಾಗಿ ಹಿಡಿಯಿರಿ. ಬಲ ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಭಾರ ಬಿಟ್ಟು ಎದ್ದು ನಿಲ್ಲಿ. ಸೈಕಲ್ ನಿಲ್ಲುತ್ತಿದ್ದಂತೆ ದೇಹವನ್ನು ಸೀಟಿನ ಮುಂದಕ್ಕೆ ಜಾರಿಸಿ, ಎಡಗಾಲು ನೆಲಕ್ಕೆ ಊರಿ. ಈಗ ನೀವು ಸೀಟಿನ ಮುಂದೆ, ಮೇಲಿನ ಕೊಳವೆಯ ಎರಡೂ ಬದಿಗೆ ಕಾಲಿಟ್ಟು ನೆಲದ ಮೇಲೆ ಗಟ್ಟಿಯಾಗಿ ನಿಂತಿರುತ್ತೀರಿ. ಸೀಟು ಎಷ್ಟು ಎತ್ತರ ಇದ್ದರೂ ಈಗ ಲೆಕ್ಕಕ್ಕಿಲ್ಲ. ರಸ್ತೆಯ ಎಡ ಅಂಚಿನಲ್ಲಿ ಫುಟ್‌ಪಾತ್ ಇದ್ದರೆ ಇನ್ನೂ ಸುಲಭ, ಸೀಟಿನಿಂದ ಇಳಿಯದೆ ಅದರ ಮೇಲೆ ಎಡಗಾಲು ಇಟ್ಟರಾಯಿತು.

ಹೊರಡುವಾಗ ಬಲ ಪೆಡಲನ್ನು ಹಿಂದಕ್ಕೆ ತಿರುಗಿಸಿ ಮುಂದೆ ಮೇಲಕ್ಕೆ ತನ್ನಿ, ಗಡಿಯಾರದ ಎರಡು ಗಂಟೆಯ ಮುಳ್ಳಿನ ಜಾಗಕ್ಕೆ. ಅದನ್ನು ಒತ್ತಿ ಎದ್ದು ನಿಂತರೆ ಸೈಕಲ್ ಮುಂದೆ ಹೋಗುತ್ತದೆ, ಆ ಏಟಿನಲ್ಲೇ ಸೀಟಿನ ಮೇಲೆ ಕೂರಬಹುದು. ಸೊಸೈಟಿಯ ಪಾರ್ಕಿಂಗ್‌ನಲ್ಲಿ ಬೆಳಗ್ಗೆ ಬೇಗ, ಗಾಡಿಗಳ ಓಡಾಟ ಇಲ್ಲದಾಗ ಮಾಡಿ ನೋಡಿ. ಸೀರೆ ಉಟ್ಟು ಅಥವಾ ಉದ್ದ ಕುರ್ತಾ ಹಾಕಿ ಓಡಿಸುವ ಅಕ್ಕಂದಿರಿಗೆ ಮೇಲಿನ ಕೊಳವೆ ತಗ್ಗಾಗಿರುವ ಲೇಡೀಸ್ ಸೈಕಲ್‌ನಲ್ಲಿ ಹೀಗೆ ಮುಂದಕ್ಕೆ ಇಳಿಯುವುದು ಇನ್ನೂ ಸಲೀಸು.

ಸೀಟು ಕೆಳಗೇ ಇರಬೇಕಾದವರೂ ಇದ್ದಾರೆ. ಈಗ ತಾನೇ ಕಲಿಯುತ್ತಿರುವವರು, ಸಮತೋಲನದ ತೊಂದರೆ ಇರುವ ಹಿರಿಯರು, ಹಾಲಿನ ಕ್ಯಾನು ಸಿಲಿಂಡರು ಹೇರಿಕೊಂಡು ಗಳಿಗೆಗೊಮ್ಮೆ ನಿಲ್ಲುವವರು. ಅವರಿಗೆ ಬೀಳದಿರುವುದೇ ಮೊದಲು. ಅವರು ಬೆರಳುಗಳ ಬುಡ ನೆಲಕ್ಕೆ ತಾಗುವಷ್ಟು ಇಟ್ಟುಕೊಂಡರೆ ಸಾಕು.

ಮಕ್ಕಳ ಸೈಕಲ್

"ಹೆಂಗೂ ಬೆಳೀತಾನೆ" ಎಂದು ಒಂದು ಸೈಜು ದೊಡ್ಡ ಸೈಕಲ್ ತರಬೇಡಿ. ಸೀಟು ಪೂರ್ತಿ ಇಳಿಸಿದ ಮೇಲೂ ಮಗುವಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿದರೆ ಆ ಸೈಕಲ್ ಸದ್ಯಕ್ಕೆ ಆ ಮಗುವಿನದಲ್ಲ. ಕಲಿಯುವಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರುವಂತಿರಲಿ. ಬ್ರೇಕು ಹಿಡಿದು ನಿಲ್ಲುವುದು ಬಂದ ಮೇಲೆ ಪಾದದ ಮುಂಭಾಗ ತಾಗುವಷ್ಟು ಏರಿಸಿ. ಧೈರ್ಯ ಬಂದ ಮೇಲೆ ದೊಡ್ಡವರ ಹಾಗೆಯೇ ಹಿಮ್ಮಡಿಯ ಪರೀಕ್ಷೆ. ಮಕ್ಕಳು ಸೀಟು ಕೆಳಗಾಯಿತು ಅಂತ ಬಾಯಿ ಬಿಟ್ಟು ಹೇಳುವುದಿಲ್ಲ, ನಿಂತು ತುಳಿಯಲು ಶುರು ಮಾಡುತ್ತಾರೆ ಅಥವಾ ಮಂಡಿ ಹೊರಗೆ ಅಗಲಿಸಿ ತುಳಿಯುತ್ತಾರೆ. ಅದನ್ನು ನೋಡಿದರೆ ಸ್ಪ್ಯಾನರ್ ತೆಗೆಯಿರಿ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಒಮ್ಮೆ, ದೀಪಾವಳಿ ರಜೆಯಲ್ಲಿ ಒಮ್ಮೆ ನೋಡುವ ಪದ್ಧತಿ ಇಟ್ಟುಕೊಂಡರೆ ಮರೆಯುವುದಿಲ್ಲ.

ಮನೆಯಲ್ಲಿ ಒಂದೇ ಸೈಕಲ್ ಇಬ್ಬರು ಓಡಿಸುವುದಾದರೆ ಪೋಸ್ಟಿನ ಮೇಲೆ ಎರಡು ಬಣ್ಣದ ಉಗುರುಬಣ್ಣದಲ್ಲಿ ಗೆರೆ ಎಳೆಯಿರಿ, ಒಬ್ಬರಿಗೊಂದು ಬಣ್ಣ. ಕೈಯಿಂದ ಬಿಚ್ಚುವ ಲಿವರ್ ಇರುವ ಕ್ಲ್ಯಾಂಪ್ ಹಾಕಿಸಿದರೆ ಪ್ರತಿ ಸಲ ಕೀ ಹುಡುಕಬೇಕಾಗಿಲ್ಲ. ಹೊರಗೆ ನಿಲ್ಲಿಸುವ ಸೈಕಲ್ ಆದರೆ ಲಿವರ್ ಬೇಡ, ಸೀಟೇ ಕಳುವಾಗುತ್ತದೆ.

ಮಳೆಗಾಲಕ್ಕೆ ಮೊದಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ಮಳೆಯಲ್ಲಿ ನೆನೆಯುವ ಸೈಕಲ್‌ನ ಸೀಟ್ ಪೋಸ್ಟ್ ಫ್ರೇಮಿಗೆ ಹಿಡಿದುಕೊಳ್ಳುತ್ತದೆ. ಕ್ಲ್ಯಾಂಪಿನ ಸೀಳಿನಿಂದ ನೀರು ಒಳಗೆ ಇಳಿಯುತ್ತದೆ, ತುಕ್ಕು ಕಟ್ಟುತ್ತದೆ. ಮೇ ಕೊನೆಯಲ್ಲಿ ಪೋಸ್ಟನ್ನು ಪೂರ್ತಿ ಹೊರಗೆ ತೆಗೆದು ಒರೆಸಿ, ತೆಳುವಾಗಿ ಗ್ರೀಸ್ ಹಚ್ಚಿ ಗುರುತಿನವರೆಗೆ ಹಾಕಿ. ಮಳೆ ಮುಗಿದ ಮೇಲೆ ಇನ್ನೊಮ್ಮೆ. ಕಾರ್ಬನ್ ಪೋಸ್ಟಿಗೆ ಗ್ರೀಸ್ ಹಚ್ಚಬೇಡಿ, ಅದಕ್ಕೆ ಬೇರೆಯೇ ಕಾರ್ಬನ್ ಪೇಸ್ಟ್ ಸಿಗುತ್ತದೆ. ಈಗಾಗಲೇ ಹಿಡಿದುಕೊಂಡಿದ್ದರೆ ಸುತ್ತಿಗೆ ಎತ್ತಬೇಡಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟು, ಬೆಳಗ್ಗೆ ಸೀಟು ಹಿಡಿದು ಆಚೀಚೆ ತಿರುಗಿಸಿ. ಬರದಿದ್ದರೆ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಕೊನೆಗೆ ಸಿಕ್ಕ ಎತ್ತರವನ್ನು ಫೋನ್‌ನಲ್ಲಿ ಬರೆದಿಡಿ. ನಡು ಆಕ್ಸಲ್‌ನಿಂದ ಸೀಟಿನ ಮೇಲಿನವರೆಗೆ ಎಷ್ಟು, ಯಾವ ಶೂ ಹಾಕಿದ್ದಿರಿ, ಕ್ರ್ಯಾಂಕ್ ಎಷ್ಟು ಉದ್ದ. ಕ್ರ್ಯಾಂಕಿನ ಒಳಬದಿಯಲ್ಲಿ 165, 170 ಅಥವಾ 175 ಎಂದು ಕೊರೆದಿರುತ್ತದೆ. 170ರಿಂದ 175ಕ್ಕೆ ಹೋದರೆ ಸೀಟನ್ನು 5 ಮಿ.ಮೀ. ಇಳಿಸಬೇಕು. ಹೊಸ ಸೀಟು, ಜೆಲ್ ಕವರ್, ಹೊಸ ಪೆಡಲ್, ಹೊಸ ಶೂ, ಯಾವುದು ಬದಲಾದರೂ ಮತ್ತೆ ಅಳೆಯಿರಿ. ಸರ್ವಿಸ್‌ಗೆ ಕೊಟ್ಟ ಸೈಕಲ್ ವಾಪಸ್ ಬಂದಾಗ ಅಂಗಡಿಯ ಬಾಗಿಲಲ್ಲೇ ಟೇಪಿನ ಗುರುತು ನೋಡಿ. ಸ್ಟ್ಯಾಂಡಿಗೆ ಸಿಕ್ಕಿಸುವಾಗ ಸೀಟನ್ನು ಏರಿಸಿ ಇಳಿಸಿರುತ್ತಾರೆ, ಮೊದಲಿನ ಜಾಗಕ್ಕೇ ಬಂದಿದೆ ಅನ್ನುವ ಖಾತ್ರಿ ಇರುವುದಿಲ್ಲ.